ಧಣಿಗಳ ರೇಡಿಯೋ

ಉಪ್ಪಿನಂಗಡಿಯ ಒಂದು ಗುಜರಿ ಅಂಗಡಿಯಲ್ಲಿ ಅದು ತಕ್ಕಡಿಯ ಮೇಲೆ ಕೂತಿತ್ತು. ಸುಟ್ಟುಹೋದ ಪಂಪಿನ ಮೋಟಾರು, ಹಿಡಿ ಕಳಚಿದ ಮಿಕ್ಸಿ, ಯಾರದೋ ಮನೆಯ ಹಿತ್ತಾಳೆ ಹರಿವಾಣ, ಇವುಗಳ ನಡುವೆ ಬೆಳ್ಳಿಬಣ್ಣದ ಮುಖ, ಸಾಲಾಗಿ ಗುಂಡಿಗಳು, ಎರಡೂ ಕಡೆ ಮರದ ಮೈ. ಎಂಟೂವರೆ ಕಿಲೋ ತೂಗಿತು. "ಒಳಗೆ ತಾಮ್ರ ಉಂಟು ಮಾರಾಯ, ಒಡೆದರೆ ನನಗೆ ಲಾಭ. ಒಡೆಯದೆ ಕೊಂಡುಹೋಗುವುದಾದರೆ ಸಾವಿರದ ಐನೂರು ಕೊಡು" ಅಂದರು ಅಂಗಡಿಯ ಕಾಕ. ಯಾರ ಮನೆಯದ್ದು ಅಂತ ಸುಮ್ಮನೆ ಕೇಳಿದೆ. ಅವರು ಮನೆಯ ಹೆಸರು ಹೇಳಿದರು. ಕಿಸೆಗೆ ಹೋಗಿದ್ದ ನನ್ನ ಕೈ ಅಲ್ಲೇ ನಿಂತಿತು.

ಆ ಮನೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ರಾಮಕುಂಜದ ಸುತ್ತಮುತ್ತ ಅಂಥ ಮನೆ ಒಂದೇ ಅಲ್ಲ. ಅಪ್ಪ ಒಂಬತ್ತನೇ ವಯಸ್ಸಿನಿಂದ ಆ ಮನೆಯ ದನ ಮೇಯಿಸಿದವರು. ಅಜ್ಜಿ ಆ ಮನೆಯ ಗದ್ದೆಯಲ್ಲಿ ನೇಜಿ ನೆಟ್ಟವಳು. ಅಜ್ಜ ಆ ಮನೆಯ ಮೂಲದಾಳು. 1974ರ ಭೂಸುಧಾರಣೆಯಲ್ಲಿ ನಮ್ಮ ಜಿಲ್ಲೆಯ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದರು, ಒಳ್ಳೆಯದೇ ಆಯಿತು. ಆದರೆ ನಮ್ಮ ಅಜ್ಜ ಗೇಣಿದಾರನಾಗಿರಲಿಲ್ಲ, ಆಳಾಗಿದ್ದ. ಆಳು ಯಾವ ಜಾಗಕ್ಕೆ ಡಿಕ್ಲರೇಶನ್ ಕೊಡಬೇಕು? 1976ರಲ್ಲಿ ಜೀತಪದ್ಧತಿ ರದ್ದಿಯಾತಿ ಕಾಯ್ದೆಯೂ ಬಂತು. ಅದು ಬಂದ ಮೇಲೂ ಅಪ್ಪ ಆ ಹಟ್ಟಿಯಲ್ಲಿ ಸೆಗಣಿ ಬಾಚುತ್ತಿದ್ದರು. ಕಾಯ್ದೆ ಬಂದದ್ದು ಅವರಿಗೆ ಯಾರೂ ಹೇಳಲಿಲ್ಲ. ಹೇಳಬಹುದಾಗಿದ್ದ ರೇಡಿಯೋ ಚಾವಡಿಯಲ್ಲಿತ್ತು, ಅಪ್ಪ ಅಂಗಳದ ಆಚೆ ಇದ್ದರು.

ಆ ರೇಡಿಯೋವೇ ಇದು.

ರೇಡಿಯೋ ಎಂದರೆ ಪೂರ್ತಿ ಸರಿಯಲ್ಲ. ಇದನ್ನು ಸ್ಟೀರಿಯೋ ರಿಸೀವರ್ ಅನ್ನುತ್ತಾರೆ. ಗಾಳಿಯಲ್ಲಿ ಬರುವ ಸ್ವರವನ್ನು ಹಿಡಿಯುವ ಟ್ಯೂನರ್, ಹಿಡಿದದ್ದನ್ನು ಹದ ಮಾಡುವ ಭಾಗ, ಹದ ಮಾಡಿದ್ದನ್ನು ಸ್ಪೀಕರಿಗೆ ತಳ್ಳುವ ಆಂಪ್ಲಿಫೈಯರ್, ಮೂರೂ ಒಂದೇ ಪೆಟ್ಟಿಗೆಯಲ್ಲಿ. ಸ್ಪೀಕರು ಮಾತ್ರ ಹೊರಗೆ, ಬೇರೆ. ಗ್ರಾಮಫೋನ್, ಟೇಪ್ ಎಲ್ಲ ಇದರ ಬೆನ್ನಿಗೆ ಬಂದು ಸೇರಬೇಕು. 1970ರ ದಶಕದಲ್ಲಿ ಜಪಾನಿನ ಪಯೋನಿಯರ್, ಸಾನ್ಸುಯಿ, ಕೆನ್‌ವುಡ್ ಕಂಪನಿಗಳು ಇವನ್ನು ರಾಶಿ ರಾಶಿ ಮಾಡಿದವು. ಒಬ್ಬರ ಮೇಲೆ ಒಬ್ಬರು ಬಿದ್ದು ವಾಟ್ ಏರಿಸಿದರು. 1978ರಲ್ಲಿ ಪಯೋನಿಯರ್‌ನವರು ಒಂದೊಂದು ಕಡೆಗೆ 270 ವಾಟಿನ ರಾಕ್ಷಸನೊಂದನ್ನು ಹೊರತಂದರು. ನಮ್ಮದೂ ಪಯೋನಿಯರೇ, ಆದರೆ ಕುಟುಂಬದ ಕಿರಿಯ ಮಗ: ಬದಿಗೆ ಹದಿನೈದೇ ವಾಟ್. ಹದಿನೈದು ಎಂದರೆ ಅಸಡ್ಡೆ ಬೇಡ. ಈಗ ಅಂಗಡಿಯಲ್ಲಿ ಐದು ಸಾವಿರ ವಾಟ್ ಅಂತ ಅಂಟಿಸಿ ಮಾರುವ ಪ್ಲಾಸ್ಟಿಕ್ ಡಬ್ಬಿಗಳ ವಾಟ್ ಬರೀ ಬಾಯಿಮಾತು. ಅಮೆರಿಕದ ಸರಕಾರ 1974ರಲ್ಲೇ ನಿಯಮ ಮಾಡಿತು, ಎರಡೂ ಕಡೆ ಒಟ್ಟಿಗೆ ನಿರಂತರವಾಗಿ ಎಷ್ಟು ಕೊಡಬಲ್ಲುದೋ ಅಷ್ಟನ್ನೇ ಬರೆಯಬೇಕು ಅಂತ. ಆ ಕಾಲದ ಹದಿನೈದು ನಿಜವಾದ ಹದಿನೈದು. ನಮ್ಮ ಕಾಲನಿಯ ಹತ್ತು ಮನೆಗೆ ಸಾಕು.

ನಮ್ಮ ಜಿಲ್ಲೆಗೆ ಇಂಥವು ಬಂದದ್ದು ಹೆಚ್ಚಾಗಿ ಗಲ್ಫಿನಿಂದ, ಬೊಂಬಾಯಿಯಿಂದ. ಧಣಿಗಳ ತಮ್ಮನ ಮಗ ಕುವೈತಿನಿಂದ ತಂದನಂತೆ, 1980ರ ಹೊತ್ತಿಗೆ. ಈಗ ಆ ಮನೆಯ ಮಕ್ಕಳೆಲ್ಲ ಬೆಂಗಳೂರು, ಅಮೆರಿಕ. ಹಳೇ ಮನೆ ಕೆಡವಿದ್ದಾರೆ. ಬಾಗಿಲು, ಕಂಬ, ದಾರಂದ ಎಲ್ಲ ರೆಸಾರ್ಟಿನವರು ಕೊಂಡರು, ಉಳಿದದ್ದು ಗುಜರಿಗೆ. ಇಂಥದೇ ಪೆಟ್ಟಿಗೆಗೆ ಪಟ್ಟಣದ ಹವ್ಯಾಸಿಗಳು 'ವಿಂಟೇಜ್' ಅಂತ ಹೆಸರಿಟ್ಟು ಹತ್ತಿಪ್ಪತ್ತು ಸಾವಿರ ಕೊಡುತ್ತಾರೆಂದು ಆಮೇಲೆ ತಿಳಿಯಿತು. ಅವರ ಮನೆಯಲ್ಲಿ ಹಳತಾದದ್ದಕ್ಕೆ ಬೆಲೆ ಏರುತ್ತದೆ. ನಮ್ಮ ಮನೆಯಲ್ಲಿ ಹಳತಾದದ್ದು ಒಲೆಗೆ.

ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಅಪ್ಪ ಜಗಲಿಯಲ್ಲಿ ಕೂತು ಬೀಡಿ ಎಳೆಯುತ್ತಿದ್ದರು. ನೋಡಿದರು. ಮರದ ಮೈಯ ಬಲ ಮೂಲೆಯಲ್ಲಿ ಒಂದು ಸುಟ್ಟ ಕಲೆ ಇದೆ, ಯಾರೋ ಊದುಬತ್ತಿ ಇಟ್ಟದ್ದು. ಅದನ್ನು ನೋಡಿ ಗುರುತು ಹಿಡಿದರು. "ಇದನ್ನು ಯಾಕೆ ತಂದೆ ಮಗಾ?" ಅಂದರು. ಅಪ್ಪ ತುಳುವಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ, ತಿರುಗಿಸುವಾಗ ಅರ್ಧ ಸೋರಿಹೋಗುತ್ತದೆ. ಅವರು ಎದ್ದು ಹತ್ತಿರ ಬಂದರು, ಆದರೆ ಮುಟ್ಟಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಬಗ್ಗಿ ನೋಡಿದರು.

ಗೆಳೆಯರೇ, ಆ ಬೆನ್ನ ಹಿಂದಿನ ಕೈ ಬಗ್ಗೆ ನಾನು ಎಷ್ಟೋ ಕವಿತೆ ಬರೆಯಲು ಹೋಗಿ ಹರಿದು ಹಾಕಿದ್ದೇನೆ.

ಆ ಮನೆಯ ಅಂಗಳದಲ್ಲಿ ನಮ್ಮವರಿಗೆ ಒಂದು ಗೆರೆ ಇತ್ತು. ಸುಣ್ಣದಲ್ಲಿ ಎಳೆದ ಗೆರೆಯಲ್ಲ, ಎಲ್ಲರಿಗೂ ಗೊತ್ತಿದ್ದ ಗೆರೆ. ಅಡಿಕೆ ಒಣಹಾಕುವ ಅಂಗಳದ ಕೆಳಗಿನ ಅಂಚು. ಚಾ ಕೊಟ್ಟರೆ ಗೆರಟೆಯಲ್ಲಿ, ಅದೂ ಮೇಲಿನಿಂದ ಹೊಯ್ದು. ಆದರೆ ಸ್ವರಕ್ಕೆ ಗೆರೆ ಗೊತ್ತಿರಲಿಲ್ಲ. ಬೆಳಿಗ್ಗೆ ದನ ಬಿಡಿಸಲು ಹೋಗುವಾಗ ಚಾವಡಿಯಿಂದ ಆಕಾಶವಾಣಿಯ ಸಂಸ್ಕೃತ ವಾರ್ತೆ ಕೇಳುತ್ತಿತ್ತು. ಆ ವಾರ್ತೆ ಶುರುವಾದದ್ದು 1974ರ ಜೂನ್ 30ರಂದು. ನೋಡಿ, ಮನೆಯಲ್ಲಿ ಯಾರೂ ಆಡದ ಭಾಷೆಗೆ ದಿಲ್ಲಿಯಿಂದ ದಿನಾ ವಾರ್ತೆ ಬಂತು. ನಾವು ಹುಟ್ಟಿದಂದಿನಿಂದ ಆಡುವ ತುಳುವಿಗೆ ದಿಲ್ಲಿಯಿಂದ ಒಂದು ನಿಮಿಷವೂ ಬರಲಿಲ್ಲ. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಆದ ಮೇಲಷ್ಟೇ ತುಳು ರೇಡಿಯೋದಲ್ಲಿ ಬಾಯಿಬಿಟ್ಟಿತು. ಅಪ್ಪನಿಗೆ ಇವತ್ತಿಗೂ ಆ ಸಂಸ್ಕೃತ ವಾರ್ತೆಯ ಮೊದಲ ಸಾಲು ಬಾಯಿಪಾಠ. ಅರ್ಥ ಗೊತ್ತಿಲ್ಲ. ನಾನು ಸಣ್ಣವನಿದ್ದಾಗ ನಗಿಸಲು ಹೇಳುತ್ತಿದ್ದರು, ಮೂಗು ಹಿಡಿದುಕೊಂಡು, ವಾರ್ತೆ ಓದುವವನ ಗತ್ತಿನಲ್ಲಿ. ರಾಮಕುಂಜ ಅಂದರೆ ಹೊರಗಿನವರಿಗೆ ಸಂಸ್ಕೃತ ಶಾಲೆ, ಪೇಜಾವರ ಸ್ವಾಮಿಗಳು 1931ರಲ್ಲಿ ಹುಟ್ಟಿದ ಊರು. ನನಗೆ ಮಾತ್ರ ಅಪ್ಪ ಹಟ್ಟಿಯಲ್ಲಿ ನಿಂತು ಕಲಿತ ಆ ಒಂದೂವರೆ ವಾಕ್ಯದ ಸಂಸ್ಕೃತ.

1984ರ ಅಕ್ಟೋಬರ್ 31ರ ಕತೆಯನ್ನೂ ಅಪ್ಪ ಹೇಳುವುದುಂಟು. ಇಂದಿರಾ ಗಾಂಧಿಗೆ ಗುಂಡು ಬಿತ್ತು ಅಂತ ಮಧ್ಯಾಹ್ನವೇ ಪೇಟೆಯಿಂದ ಬಂದವರು ಹೇಳಿದ್ದರು. ಆಕಾಶವಾಣಿ ಸಂಜೆಯವರೆಗೆ ಸತ್ತ ಸುದ್ದಿ ಹೇಳಲಿಲ್ಲ. ಸಂಜೆ ಕೆಲಸ ಬಿಟ್ಟವರೆಲ್ಲ ಅಂಗಳದ ಅಂಚಿನಲ್ಲಿ ಕೂತರು. ಧಣಿಗಳು ಎದ್ದುಬಂದು ಒಂದು ಸ್ಪೀಕರನ್ನು ಕಿಟಿಕಿಯ ಕಡೆ ತಿರುಗಿಸಿದರು, ಕೆಲಸದವರಿಗೂ ಕೇಳಲಿ ಅಂತ. "ಅವರು ಒಳ್ಳೆಯವರೇ" ಅನ್ನುತ್ತಾರೆ ಅಪ್ಪ. ನನಗೆ ಸಿಟ್ಟು ಬರುತ್ತದೆ. ಸ್ಪೀಕರು ತಿರುಗಿಸುವಷ್ಟು ಒಳ್ಳೆಯವರು ಬಾಗಿಲು ತೆರೆಯುವಷ್ಟು ಒಳ್ಳೆಯವರಾಗಲಿಲ್ಲ ಯಾಕೆ ಅಂತ ಕೇಳಿದರೆ ಅಪ್ಪ ಬೀಡಿ ಹಚ್ಚುತ್ತಾರೆ.

ಇರಲಿ. ಪೆಟ್ಟಿಗೆಯ ಕೆಲಸಕ್ಕೆ ಬರುತ್ತೇನೆ. ಇದನ್ನು ಓದುವವರಲ್ಲಿ ಹಳ್ಳಿ ಶಾಲೆಯ ಮಾಷ್ಟ್ರುಗಳಿದ್ದೀರಿ, ನಿಮ್ಮ ಶಾಲೆಯ ಬೀರುವಿನಲ್ಲೂ ಇಂಥದೊಂದು ಮಲಗಿರಬಹುದು. ಸಿಕ್ಕಿದ ಕೂಡಲೇ ಪ್ಲಗ್ಗಿಗೆ ಹಾಕಬೇಡಿ. ಮೊದಲು ಬೆನ್ನು ನೋಡಿ. ಗುಜರಿಯ ಕಾಕ ಹದಿನೆಂಟು ವರ್ಷ ದಮ್ಮಾಮಿನಲ್ಲಿ ದುಡಿದವರು, ಅವರೇ ಹೇಳಿದ್ದು: "ಹಿಂದೆ ವೋಲ್ಟೇಜ್ ನೋಡು. ಅಮೆರಿಕದ್ದಾದರೆ 120 ಇರ್ತದೆ. ನಮ್ಮ 230ಕ್ಕೆ ಹಾಕಿದರೆ ಹೊಗೆ." ನಮ್ಮದರಲ್ಲಿ ಆಯ್ಕೆಯ ಬಿರಡೆ ಇತ್ತು, 220ರಲ್ಲಿ ನಿಂತಿತ್ತು. 240ಕ್ಕೆ ತಿರುಗಿಸಿದೆ. ರಾತ್ರಿ ಹನ್ನೊಂದರ ಮೇಲೆ ತೋಟದ ಪಂಪೆಲ್ಲ ನಿಂತಾಗ ನಮ್ಮ ಲೈನಿನಲ್ಲಿ ಕರೆಂಟು ಏರಿ ಬರುತ್ತದೆ, ಸಂಜೆ ಹೊತ್ತು ಬಲ್ಬು ಕೆಂಪಗೆ ಉರಿಯುತ್ತದೆ.

ಆಮೇಲೆ ಸರಣಿ ಬಲ್ಬಿನ ಪರೀಕ್ಷೆ. ಕಡಬದಲ್ಲಿ ನಲವತ್ತು ವರ್ಷದಿಂದ ರೇಡಿಯೋ ರಿಪೇರಿ ಮಾಡುತ್ತಿದ್ದ ಒಬ್ಬರಿದ್ದಾರೆ, ಈಗ ಮೊಬೈಲ್ ಕವರು ಮಾರುತ್ತಾರೆ. ಅವರು ಕಲಿಸಿದ್ದು. ಕರೆಂಟು ಪೆಟ್ಟಿಗೆಗೆ ನೇರ ಹೋಗಬಾರದು, ನಡುವೆ ಒಂದು ತಂತಿ ಬಲ್ಬನ್ನು ದಾಟಿ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಪೆಟ್ಟಿಗೆ ಉಳಿಯುತ್ತದೆ. ಸರಿ ಇದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ. ಈಗ ಎಲ್ಲೆಲ್ಲೂ ಎಲ್‌ಇಡಿ, ಅದು ಈ ಕೆಲಸಕ್ಕೆ ಆಗದು, ಒಳಗೆ ಸುಡುವ ತಂತಿ ಇರುವ ಹಳೇ ಬಲ್ಬೇ ಆಗಬೇಕು. ಅಂಗಡಿ ಅಂಗಡಿ ಸುತ್ತಿದೆ. ಕೊನೆಗೆ ಅಮ್ಮ ಅಟ್ಟದಿಂದ ಒಂದನ್ನು ತೆಗೆದು ಕೊಟ್ಟರು. ಭಾಗ್ಯಜ್ಯೋತಿಯಲ್ಲಿ ಮೊದಲ ಸಲ ನಮ್ಮ ಮನೆಗೆ ಕರೆಂಟು ಬಂದಾಗ ಹಾಕಿದ್ದ ನಲವತ್ತರ ಬಲ್ಬು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದರು. ಯಾಕೆ ಇಟ್ಟದ್ದು ಅಂತ ಕೇಳಿದೆ. "ಉರೀತದಲ್ಲ, ಬಿಸಾಡುದು ಯಾಕೆ?" ಅಂದರು.

ಬಲ್ಬು ಮಿಂಚಿತು, ಮಂಕಾಯಿತು. ಪೆಟ್ಟಿಗೆ ಬದುಕಿತ್ತು.

ಮುಚ್ಚಳ ತೆಗೆದಾಗ ಒಳಗೆ ಒಂದು ಒಣಗಿದ ಹಲ್ಲಿ, ಇರುವೆಗಳು ಕಟ್ಟಿದ ಮಣ್ಣು, ನಲವತ್ತು ಮಳೆಗಾಲದ ಬೂಷ್ಟು. ಎರಡು ಕೆಪಾಸಿಟರ್ ಹೊಟ್ಟೆ ಉಬ್ಬಿಸಿಕೊಂಡಿದ್ದವು. ಕೆಪಾಸಿಟರ್ ಒಳಗಿನ ದ್ರವ ವರ್ಷಗಳಾದಂತೆ ಒಣಗುತ್ತದೆ, ಆಗ ಸ್ಪೀಕರಿನಲ್ಲಿ ಗುಂಯ್ ಅನ್ನುವ ಹಮ್ಮು ಬರುತ್ತದೆ. ಹಿಂದೆ ಬರೆದ ಮೈಕ್ರೋಫ್ಯಾರಡ್ಡೂ ವೋಲ್ಟೂ ನೋಡಿ ಅಷ್ಟರದ್ದೇ ಹೊಸತು ಹಾಕಬೇಕು, ವೋಲ್ಟು ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಬೇಡ, ಕೂಡಿಸು ಕಳೆ ತುದಿ ಅದಲುಬದಲು ಆಗಲೇಬಾರದು. ನಾನೇ ಕೂತು ಬೆಸುಗೆ ಹಾಕಿದೆ. ಬೆಸುಗೆಯ ತಂತಿ ಎಂದರೆ ತವರ ಮತ್ತು ಸೀಸ, ನಡುವೆ ರಾಳ. ಕಾಯಿಸಿದಾಗ ಹೊಗೆ ಬಂತು, ದೇವಸ್ಥಾನದ ಹೊಗೆಯಂತೆ ವಾಸನೆ. ನನಗೆ ಥಟ್ಟನೆ ಗೌತಮ ಧರ್ಮಸೂತ್ರ ನೆನಪಾಯಿತು: ವೇದ ಕೇಳಿದ ಶೂದ್ರನ ಕಿವಿಗೆ ಕಾಯಿಸಿದ ತವರ ಮತ್ತು ಅರಗು ತುಂಬಬೇಕು ಅಂತ ಅಲ್ಲಿದೆ. ನಾನು ಶೂದ್ರನೂ ಅಲ್ಲ, ಅದರ ಕೆಳಗಿನ ಮೆಟ್ಟಿಲು. ಅಪ್ಪ ಹಟ್ಟಿಯಲ್ಲಿ ನಿಂತು ಕೇಳಿದ್ದು ಬರೀ ವಾರ್ತೆ. ಕಾದ ತವರವನ್ನು ನಾನು ಧಣಿಗಳ ರೇಡಿಯೋದ ಹೊಟ್ಟೆಗೆ ಒಂದೊಂದೇ ಹನಿ ಬಿಟ್ಟೆ.

ವಾಲ್ಯೂಮ್ ತಿರುಗಿಸಿದರೆ ಕರಕರ. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಕರೆಂಟಿಲ್ಲದೆ ಇಪ್ಪತ್ತು ಮೂವತ್ತು ಸಲ ಆಚೀಚೆ ತಿರುಗಿಸಬೇಕು. ಮುಳ್ಳು ಓಡಿಸುವ ದಾರ ತುಂಡಾಗಿತ್ತು, ಗಾಳದ ದಾರ ಹಾಕಿದೆ, ಎರಡು ದಿನ ಜಾರುತ್ತಿತ್ತು.

ಸ್ಪೀಕರಿಗೆ ಹಣ ಇರಲಿಲ್ಲ. ಶಾಮಿಯಾನದವನ ಹತ್ತಿರ ಎಂಟು ಇಂಚಿನ ಎರಡು ಹಳೇ ಪೆಟ್ಟಿಗೆ ಸಿಕ್ಕಿತು. ಎಂಟು ಓಮಿನವು. ಇಲ್ಲೊಂದು ಎಚ್ಚರ: ಸ್ಪೀಕರಿನ ಎರಡು ತಂತಿ ಒಂದಕ್ಕೊಂದು ತಾಗಿದರೆ ಒಳಗಿನ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಒಂದು ಎಳೆ ತಂತಿ ಹೊರಗೆ ಚಾಚಿದ್ದರೂ ಸಾಕು. ತಂತಿ ತಿರುಪಿ, ಸೇರಿಸಿ, ಆಮೇಲೆ ಸ್ವಿಚ್ಚು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ನನ್ನ ಹತ್ತಿರ ಇದ್ದದ್ದು ಎರಡೂ ಎಳೆ ಬಿಳಿಯಾಗಿದ್ದ ಅಗ್ಗದ ವಯರು. ಅದರ ಫಲವನ್ನು ಆಮೇಲೆ ಉಂಡೆ.

ಮೊದಲ ದಿನ ಸ್ವಿಚ್ಚು ಒತ್ತಿದಾಗ ದೀಪ ಹತ್ತಿತು, ಮುಳ್ಳು ಕುಣಿಯಿತು, ಸ್ವರವಿಲ್ಲ. ಕಾಲನಿಯ ಹುಡುಗರು ಬಾಗಿಲಲ್ಲಿ ನಿಂತಿದ್ದರು. ಅರ್ಧ ಗಂಟೆ ಬೆವರಿದೆ. ಬಿಚ್ಚಿದೆ, ಸೇರಿಸಿದೆ. ಹುಡುಗನೊಬ್ಬ, ಆರನೇ ಕ್ಲಾಸಿನವನು, "ಅಣ್ಣಾ, ಈ ಗುಂಡಿ ಒಳಗೆ ಹೋಗಿ ಉಂಟಲ್ಲ" ಅಂತ ಬೆರಳಿಟ್ಟ. ಟೇಪ್ ಮಾನಿಟರ್. ಅದು ಒತ್ತಿದ್ದರೆ ಪೆಟ್ಟಿಗೆ ಟೇಪಿನ ಸ್ವರಕ್ಕೆ ಕಾಯುತ್ತಾ ಕೂರುತ್ತದೆ, ರೇಡಿಯೋ ಎಷ್ಟು ಕೂಗಿದರೂ ಹೊರಗೆ ಬಿಡುವುದಿಲ್ಲ. ಹಳೇ ರಿಸೀವರ್ ತಂದು ಕೆಟ್ಟಿದೆ ಎಂದು ಬಿಸಾಡುವವರಲ್ಲಿ ಎಷ್ಟು ಜನ ಈ ಒಂದು ಗುಂಡಿಯಿಂದ ಮೋಸ ಹೋಗಿದ್ದಾರೋ. ಗುಂಡಿ ಹೊರಗೆ ಬಂತು, ಸೊಂಯ್ ಅಂತ ಇರುಳಿನ ಮಳೆಯಂತೆ ಸದ್ದು ಬಂತು. ಹುಡುಗರು ಕೇಕೆ ಹಾಕಿದರು.

ಆಂಟೆನ್ನಾ ಇಲ್ಲದೆ ನಮ್ಮಲ್ಲಿ ಎಫ್.ಎಂ. ಹಿಡಿಯುವುದು ಕಷ್ಟ. ಎಫ್.ಎಂ. ಅಲೆ ನೇರ ಬರುವಂಥದ್ದು, ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ಮಂಗಳೂರು ಆಕಾಶವಾಣಿ 100.3 ಮೆಗಾಹರ್ಟ್ಸ್, ಅಲೆಯ ಉದ್ದ ಸುಮಾರು ಮೂರು ಮೀಟರ್. ಅದರ ಅರ್ಧ ಒಂದೂವರೆ. ಹಳೇ ಟಿವಿಯ ಚಪ್ಪಟೆ ರಿಬ್ಬನ್ ವಯರಿನಲ್ಲಿ 'ಟಿ' ಆಕಾರ ಮಾಡಿ, ಎರಡೂ ಕೈ ಸೇರಿ ಒಂದೂವರೆ ಮೀಟರಿಗೆ ಚೂರು ಕಡಿಮೆ ಬರುವಂತೆ ಕತ್ತರಿಸಿ, ಮಾಡಿನ ಪಕ್ಕಾಸಿಗೆ ಮೊಳೆ ಹೊಡೆದೆ. ಕೈಗಳು ಉತ್ತರ ದಕ್ಷಿಣಕ್ಕೆ ಚಾಚಿರಬೇಕು, ಆಗ ಪಡುವಣದ ಮಂಗಳೂರು ಸಿಗುತ್ತದೆ. ಸ್ಟೀರಿಯೋದ ಕೆಂಪು ದೀಪ ಮಿಣುಕಿ ಆರಿತು. ದುರ್ಬಲ ಸ್ವರಕ್ಕೆ ಸ್ಟೀರಿಯೋ ಹಟ ಮಾಡಬಾರದು, ಮೋನೋಗೆ ಹಾಕಿದರೆ ಸೊಂಯ್ ಸದ್ದು ತಗ್ಗುತ್ತದೆ. ಹಾಗೆ ನೋಡಿದರೆ ಮಡಿಕೇರಿಯೇ ಲೇಸು, 103.1. ಬೆಟ್ಟದ ಮೇಲೆ ಕೂತದ್ದರಿಂದ ನಮ್ಮ ಪುತ್ತೂರು ಸುಳ್ಯದ ಕಡೆಗೆಲ್ಲ ಅದರ ಸ್ವರ ಇಳಿದುಬರುತ್ತದೆ. ಒಂದು ತಮಾಷೆ: 1977ರಲ್ಲಿ ಮದರಾಸಿನಲ್ಲಿ ಈ ದೇಶದ ಮೊದಲ ಎಫ್.ಎಂ. ಶುರುವಾಯಿತು, ಧಣಿಗಳ ಕಾಲದಲ್ಲಿ ನಮ್ಮ ಕಡೆ ಇರಲೇ ಇಲ್ಲ. ಅವರ ಪೆಟ್ಟಿಗೆಯ ಅರ್ಧ ಡಯಲು ವರ್ಷಗಟ್ಟಲೆ ಬರೀ ಸೊಂಯ್ ಅಂದಿತು. ಅದು ಮಾತಾಡಿದ್ದು ನಮ್ಮ ಕಾಲನಿಯಲ್ಲಿ. ಮೀಡಿಯಂ ವೇವ್ ಕಡೆ ಈಗ ಸೊರಗಿದೆ, ಆಕಾಶವಾಣಿ ತನ್ನ ಎಷ್ಟೋ ಮಧ್ಯಮ ತರಂಗ ಪ್ರಸಾರಕಗಳನ್ನು ಮುಚ್ಚಿಬಿಟ್ಟಿದೆ.

ಒಂದು ಸಂಜೆ ಮೊಬೈಲನ್ನು ಹಿಂದಿನ ಆಕ್ಸ್ ತೂತಿಗೆ ಸೇರಿಸಿದೆ. ಪಕ್ಕದಲ್ಲಿ ಫೋನೋ ಎಂಬ ತೂತಿದೆ, ಅದು ಗ್ರಾಮಫೋನ್ ಮುಳ್ಳಿನ ಸಣ್ಣ ಸ್ವರಕ್ಕೆ, ಮೊಬೈಲ್ ಹಾಕಿದರೆ ಒಡೆದ ತಮಟೆಯಂತೆ ಕಿರುಚುತ್ತದೆ. ಬಾಬಾಸಾಹೇಬರು 1955ರಲ್ಲಿ ಬಿಬಿಸಿಗೆ ಕೊಟ್ಟ ಸಂದರ್ಶನ ಹಾಕಿದೆ. 1954ರ ಅಕ್ಟೋಬರ್ 3ರಂದು ಅವರು ಆಕಾಶವಾಣಿಯಲ್ಲಿ ತಮ್ಮ ಜೀವನದರ್ಶನದ ಬಗ್ಗೆ ಮಾತಾಡಿದ್ದರು ಅಂತ ಓದಿದ್ದೆ, ಆದರೆ ಕಿವಿಗೆ ಸಿಕ್ಕಿದ್ದು ಬಿಬಿಸಿಯದ್ದು. ಕಾಲನಿಯ ಏಳೆಂಟು ಮಂದಿ ಬಂದು ಕೂತರು. ಯಾರಿಗೂ ಇಂಗ್ಲಿಷ್ ಅರ್ಥವಾಗಲಿಲ್ಲ. ಯಾರೂ ಏಳಲಿಲ್ಲ. ಅಪ್ಪ ಕೇಳಿದ್ದು ಒಂದೇ: "ಇಷ್ಟು ಮೆಲ್ಲ ಮಾತಾಡುವವರಾ ಅವರು?" ಸಭೆಗಳಲ್ಲಿ ಅವರ ಹೆಸರು ಹೇಳಿ ಗುಡುಗುವ ನಮ್ಮಂಥವರನ್ನು ಕೇಳಿ ಕೇಳಿ ಅಪ್ಪ ಬೇರೆಯೇ ಸ್ವರ ಅಂದುಕೊಂಡಿದ್ದರು.

ಇನ್ನು ಅಜ್ಜಿಯ ಕ್ಯಾಸೆಟ್ಟು.

1994ರಲ್ಲಿ ಒಬ್ಬರು ಟೇಪ್‌ರೆಕಾರ್ಡರ್ ಹಿಡಿದು ಊರಿಗೆ ಬಂದಿದ್ದರು. ಪಾಡ್ದನ ಸಂಗ್ರಹ. ಧಣಿಗಳ ಮನೆಯ ಅತಿಥಿ. ಅಜ್ಜಿಯನ್ನು ಕರೆಸಿ ಅಂಗಳದ ಆ ಅಂಚಿನಲ್ಲೇ ಕೂರಿಸಿ ಹೇಳಿಸಿದರು. ಮೈಕು ಮಾತ್ರ ವಯರು ಎಳೆದು ಗೆರೆ ದಾಟಿ ಬಂತು. ಹೋಗುವಾಗ ಒಂದು ಪ್ರತಿ ಮಾಡಿ ಕೊಟ್ಟರು, ಅದಕ್ಕೆ ಋಣಿ. ನಾನು ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಒಂದು ಪುಸ್ತಕ ಕೈಗೆ ಬಂತು, ಅದರಲ್ಲಿ ನಮ್ಮ ಅಜ್ಜಿ ಹೇಳಿದ್ದೇ ಅಚ್ಚಾಗಿದೆ. ಕೆಳಗೆ: 'ಹೇಳಿದವರು ಓರ್ವ ವೃದ್ಧ ಮೊಗೇರ ಹೆಂಗಸು, ರಾಮಕುಂಜ.' ಅಜ್ಜಿಗೆ ಹೆಸರಿತ್ತು. ಕೇಳಿದ್ದರೆ ಹೇಳುತ್ತಿದ್ದಳು. ಜಾತಿಯನ್ನು ಕೇಳಲು ಮರೆಯಲಿಲ್ಲ ನೋಡಿ. ಎಲ್ಲರೂ ಹೀಗೆ ಅಂತ ನಾನು ಹೇಳುವುದಿಲ್ಲ. ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಹೇಳಿದ ಸಿರಿ ಕಾವ್ಯವನ್ನು 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ದಿನಗಟ್ಟಲೆ ಕೂತು ದಾಖಲಿಸಿದರು. 15,683 ಸಾಲು. 1998ರಲ್ಲಿ ಪುಸ್ತಕ ಬಂದಾಗ ಗೋಪಾಲ ನಾಯ್ಕರ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಇತ್ತು. ಮನಸ್ಸಿದ್ದರೆ ಆಗುತ್ತದೆ.

ನಮ್ಮ ಸ್ವರದ ಮೇಲೆ ಅವರಿಗೆ ಹಕ್ಕಿದೆ ಎಂಬ ನಂಬಿಕೆ ಹಳೆಯದು. ಕೊರಗರ ಡೋಲು ಬೇಕು, ಕೊರಗರು ಬೇಡ. ಪುಕ್ಕಟೆ ಡೋಲು ಬಡಿಸಿ, ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕರ್ನಾಟಕ ಸರಕಾರ ಕಾಯ್ದೆಯನ್ನೇ ಮಾಡಬೇಕಾಯಿತು.

ಕ್ಯಾಸೆಟ್ಟು ಇಪ್ಪತ್ತೈದು ವರ್ಷ ಟ್ರಂಕಿನಲ್ಲಿತ್ತು. ಟೇಪಿನ ಮೇಲೆ ಬಿಳಿ ಬೂಷ್ಟು. ನಮ್ಮ ಮಳೆ ಯಾವುದನ್ನೂ ಬಿಡುವುದಿಲ್ಲ. ನಟರಾಜ ಪೆನ್ಸಿಲು ತೂರಿಸಿ ಮೆಲ್ಲಗೆ ಆಚೆ ಕೊನೆಯಿಂದ ಈಚೆ ಕೊನೆಗೆ ಸುತ್ತಿದೆ, ಒಣ ಹತ್ತಿಬಟ್ಟೆಯನ್ನು ತಾಗಿಸುತ್ತಾ. ಕಾಕನ ಅಂಗಡಿಯಲ್ಲೇ ಸಿಕ್ಕಿದ ವಾಕ್‌ಮನ್ನಿಗೆ ಹೊಸ ಬೆಲ್ಟು ಹಾಕಿ, ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಆಕ್ಸಿಗೆ ಸೇರಿಸಿದೆ. ಹಿಂದಿನ ರೆಕಾರ್ಡ್ ತೂತಿನಿಂದ ಇನ್ನೊಂದು ವಯರು ಸರಕಾರ ಕೊಟ್ಟ ಲ್ಯಾಪ್‌ಟಾಪಿಗೆ. ಇಂಥ ಟೇಪು ಎರಡನೇ ಸಲ ಓಡುತ್ತದೆಂಬ ಭರವಸೆಯಿಲ್ಲ, ಮೊದಲ ಸಲವೇ ಹಿಡಿದಿಡಬೇಕು.

ಅಜ್ಜಿ ಬಂದಳು. ಅವಳು ತೀರಿಕೊಂಡಾಗ ನಾನು ಮೂರನೇ ಕ್ಲಾಸು, ನನಗೆ ನೆನಪಿರುವುದು ಎಲೆಅಡಿಕೆಯ ವಾಸನೆ ಮಾತ್ರ. ನಾನು ಹಿಗ್ಗಿ ಅಪ್ಪನ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು. "ಉಂದು ಅಪ್ಪೆನ ಸ್ವರ ಅತ್ತ್." ಇದು ಅಮ್ಮನ ಸ್ವರ ಅಲ್ಲ. ಹೆಸರು, ಮಾತು ಎಲ್ಲ ಅವಳದೇ, ಸ್ವರ ಅವಳದಲ್ಲ. ಇಷ್ಟು ತೆಳ್ಳಗೆ ಇರಲಿಲ್ಲ, ಅವಳು ಹೇಳಿದರೆ ಆಚೆ ಗದ್ದೆಯ ಕಟ್ಟಹುಣಿಯಲ್ಲಿ ನಿಂತವನ ಎದೆಗೆ ಬಂದು ತಾಗುತ್ತಿತ್ತು ಅಂದರು. ಟೇಪು ಹಳತು, ಹಾಗೇ, ಅಂತ ನಾನು ಓದಿದವನ ಗತ್ತಿನಲ್ಲಿ ಹೇಳಿದೆ. ಅಪ್ಪ ಒಪ್ಪಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಟಾರ್ಚು ಹಿಡಿದು ಹಿಂದೆ ನೋಡಿದೆ. ಆ ಬಿಳಿ ವಯರು. ಒಂದು ಸ್ಪೀಕರಿಗೆ ತಂತಿ ಉಲ್ಟಾ ಹೋಗಿತ್ತು. ಹಾಗೆ ಆದರೆ ಒಂದು ಸ್ಪೀಕರಿನ ಕಾಗದ ಹೊರಗೆ ತಳ್ಳುವಾಗ ಇನ್ನೊಂದರದ್ದು ಒಳಗೆ ಎಳೆಯುತ್ತದೆ. ಒಂದು ಕೊಟ್ಟದ್ದನ್ನು ಇನ್ನೊಂದು ನುಂಗುತ್ತದೆ. ತಗ್ಗಿನ ಸ್ವರವೇ ಮೊದಲು ಸಾಯುವುದು, ಎದೆಯ ಭಾಗ. ಉಳಿಯುವುದು ಮೂಗಿನ ಭಾಗ. ಒಬ್ಬರೇ ಹೇಳುವ ಮೋನೋ ಟೇಪಿನಲ್ಲಿ ಇದು ಎದ್ದು ಕಾಣಬೇಕಿತ್ತು. ಮೊಬೈಲಿನ ಸಾಸಿವೆಯಷ್ಟು ಸ್ಪೀಕರಿನಲ್ಲಿ ಕೇಳಿ ಬೆಳೆದ ನನ್ನ ಕಿವಿಗೆ ಗೊತ್ತಾಗಲಿಲ್ಲ. ಪರೀಕ್ಷೆ ಸುಲಭ: ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿನ ತುದಿಗಳಿಗೆ ಒಂದು ಕ್ಷಣ ಮುಟ್ಟಿಸಿ. ಕಾಗದ ಹೊರಗೆ ಉಬ್ಬಿದರೆ ಸೆಲ್ಲಿನ ಕೂಡಿಸು ತುದಿ ತಾಗಿದ್ದೇ ಕೆಂಪು. ಎರಡಕ್ಕೂ ಗುರುತು ಹಾಕಿ, ತಂತಿ ಬದಲಿಸಿ, ಒಂದಕ್ಕೆ ಅಮ್ಮನ ಕುಂಕುಮ ಹಚ್ಚಿದೆ.

ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಡುವ ಮೊದಲು ಹಾಕಿದೆ. ಸ್ವರ ಎರಡು ಪೆಟ್ಟಿಗೆಯಿಂದ ಬರಲಿಲ್ಲ. ಎರಡರ ನಡುವಿನ ಬರೀ ಗೋಡೆಯಿಂದ ಬಂತು, ಅಲ್ಲಿ ಯಾರೋ ಕೂತಿದ್ದಾರೆ ಅನ್ನುವ ಹಾಗೆ. ತಂತಿ ಸರಿಯಾಗಿದ್ದರೆ ಮೋನೋ ಸ್ವರ ಹಾಗೇ ನಿಲ್ಲುವುದು, ವಿಶೇಷವೇನಿಲ್ಲ. ಅಪ್ಪ ಬುತ್ತಿ ಹಿಡಿದುಕೊಂಡೇ ಗೋಡೆಗೆ ಒರಗಿದರು.

ಮುಗೇರ್ಲು ದೈವಗಳ ಕತೆ ಶುರು ಮಾಡಿದ್ದಳು ಅಜ್ಜಿ. ರೆಕಾರ್ಡು ಮಾಡುವವರ ಸ್ವರ ನಡುವೆ ಬರುತ್ತದೆ: "ಅದು ತುಂಬ ಉದ್ದ ಆಗ್ತದೆ, ನಟ್ಟಿಯ ಸಣ್ಣದೊಂದು ಹೇಳು." ಅಜ್ಜಿ ಒಮ್ಮೆ ಕೆಮ್ಮಿ ನೇಜಿ ನಡುವಾಗಿನದ್ದು ಎತ್ತಿಕೊಳ್ಳುತ್ತಾಳೆ. ಅದು ಒಬ್ಬರೇ ಹೇಳುವುದಲ್ಲ. ಒಬ್ಬಳು ಸಾಲು ಹೇಳಿದರೆ ಗದ್ದೆಯ ಹೆಂಗಸರೆಲ್ಲ ಸೊಲ್ಲು ಕೊಡಬೇಕು. ಆ ಅಂಗಳದಲ್ಲಿ ಸೊಲ್ಲು ಕೊಡುವವರಿರಲಿಲ್ಲ. ಅಜ್ಜಿ ಮಾತ್ರ ಅಭ್ಯಾಸ ಬಿಡದೆ ಪ್ರತಿ ಸಾಲಿನ ಕೊನೆಗೆ ಸೊಲ್ಲಿಗೆ ಜಾಗ ಬಿಟ್ಟಿದ್ದಾಳೆ. ಆ ಜಾಗದಲ್ಲಿ ಟೇಪಿನ ಸೊಂಯ್. ಮೂರನೆಯದೋ ನಾಲ್ಕನೆಯದೋ ಸಾಲಿಗೆ ಒಲೆಯ ಮುಂದಿದ್ದ ಅಮ್ಮ ಸೊಲ್ಲು ಕೊಟ್ಟರು. ಮದುವೆಯಾಗಿ ಬಂದ ವರ್ಷದಿಂದ ಅತ್ತೆಯ ಬೆನ್ನಿಗೆ ನಿಂತು ನೆಟ್ಟವರು. ಸೌಟು ಇಟ್ಟು ಬರಲಿಲ್ಲ, ಅಲ್ಲಿಂದಲೇ. ಆಮೇಲೆ ಪಕ್ಕದ ಮನೆಯ ದೊಡ್ಡಮ್ಮ ಬೇಲಿಯ ಆಚೆಯಿಂದ. ನಾನು ಹೊಸ ತಲೆಮಾರಿನ ಬಂಡಾಯ ಕವಿ, ನನಗೆ ಆ ಸೊಲ್ಲು ಬರುವುದಿಲ್ಲ.

ಟೇಪು ಮುಗಿಯುವಾಗ ಅಜ್ಜಿ ಕೇಳುತ್ತಾಳೆ, "ಮುಗಿಂಡಾ?" ಮುಗಿಯಿತಾ ಅಂತ. ಉತ್ತರ ಇಲ್ಲ, ಟಕ್ ಅಂತ ಗುಂಡಿಯ ಸದ್ದು.

ಲ್ಯಾಪ್‌ಟಾಪಿನಲ್ಲಿ ಉಳಿಸುವಾಗ ಹೆಸರು ಕೇಳಿತು. ಅಜ್ಜಿಯ ಹೆಸರು ಟೈಪು ಮಾಡಿದೆ. ರೇಷನ್ ಕಾರ್ಡಿನಲ್ಲಿ ಇದ್ದದ್ದು ಗುಮಾಸ್ತ ತಿದ್ದಿದ ಹೆಸರು, ಅದಲ್ಲ, ಮನೆಯಲ್ಲಿ ಕರೆಯುತ್ತಿದ್ದದ್ದು. ಕಾಗುಣಿತಕ್ಕೆ ಅಪ್ಪನನ್ನು ಕೇಳಿದೆ. ಅವರಿಗೆ ಕಾಗುಣಿತ ಬಾರದು. ಮೂರು ಸಲ ನಿಧಾನವಾಗಿ ಉಚ್ಚರಿಸಿದರು, ಕೊನೆಯ ಅಕ್ಷರ ದೀರ್ಘ ಅಂದರು.

ಆಮೇಲೆ ಸುಮಾರು ಸಮಯ ಅಪ್ಪ ದಿನಾ ಸಂಜೆ ಕೇಳಲು ಬಂದು ಕೂರುತ್ತಿದ್ದರು, ಗುಂಡಿ ಮಾತ್ರ ಮುಟ್ಟುತ್ತಿರಲಿಲ್ಲ. "ನೀನೇ ಹಾಕು." ಕರೆಂಟು ಬಿಲ್ಲು ಬಂದಾಗ ಇದರ ಮೇಲೆ ಸ್ವಲ್ಪ ಬೈದದ್ದೂ ಉಂಟು. ಹೋದ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಪುತ್ತೂರಿಗೆ ಹೋಗಿದ್ದೆ. ಕುಮಾರಧಾರೆಯ ಆಚೆಯಿಂದ ಮೋಡ ಎದ್ದು ಬಂತು. ನಮ್ಮ ಕಡೆಯ ಸಿಡಿಲು ಗೊತ್ತಲ್ಲ, ಮುಂಗಾರಿಗಿಂತ ಮುಂಚೆ ಬರುವುದು ತೆಂಗಿನ ಮರವನ್ನು ಸೀಳಿ ಹಾಕುತ್ತದೆ. ಮಾಡಿನಲ್ಲಿ ಆಂಟೆನ್ನಾ ಇತ್ತು, ಪ್ಲಗ್ಗೂ ಹಾಗೇ ಇತ್ತು. ಬಸ್ಸಿನಿಂದ ಫೋನು ಮಾಡಿದರೆ ಹೋಗಲಿಲ್ಲ. ನೆನೆದುಕೊಂಡು ಓಡಿ ಬಂದು ನೋಡುತ್ತೇನೆ: ಪ್ಲಗ್ಗು ಕಿತ್ತಿದೆ, ಹಿಂದಿನ ತಿರುಪು ಸಡಿಲಿಸಿ ರಿಬ್ಬನ್ ವಯರನ್ನು ಬಿಡಿಸಿ ಕಿಟಿಕಿಯ ಹೊರಗೆ ಹಾಕಲಾಗಿದೆ, ಪೆಟ್ಟಿಗೆಯ ಮೇಲೆ ಅಪ್ಪನ ಬೈರಾಸು ಹೊದೆಸಿದೆ. ಅಪ್ಪ ಜಗಲಿಯಲ್ಲಿ ಮಳೆ ನೋಡುತ್ತಾ ಕೂತಿದ್ದರು. "ತಿರುಪು ಒಂದು ಕೆಳಗೆ ಬಿತ್ತು, ಸಿಗಲಿಲ್ಲ, ನೀನು ಹುಡುಕು" ಅಂದರು.